ಮಳೆ ನಿಂತ ಮೇಲೆ ಇಳಿದಳು

ನನ್ನ ಸೊಸೆಯ ಓಟವನ್ನು ಮಳೆ ಕೆಡಿಸಲಿಲ್ಲ. ಮಳೆ ಬಂದದ್ದು ನಿಜ, ನಿಂತದ್ದೂ ನಿಜ. ನಿಂತ ಮೇಲೆ, ದಾರಿ ಬಿಟ್ಟ ಮೇಲೆ, ಅವಳೇ ಗಾಡಿಯಿಂದ ಇಳಿದಳು. ನಡೆದದ್ದು ಇಷ್ಟೇ.

ನನ್ನ ಮಗ ಎಲ್ಲರಿಗೂ ಫೋನಿನಲ್ಲಿ ಬೇರೆ ಥರ ಹೇಳಿದ. "ಏನ್ಮಾಡೋದು, ಮಳೆ ಬಂದು ಎಲ್ಲಾ ಹಾಳಾಯ್ತು" ಎಂದ. ಆ ವರ್ಷ ಗಣೇಶನ ಹಬ್ಬಕ್ಕೆ ಸೇರಿದ್ದ ಹೆಂಗಸರು "ಅಯ್ಯೋ ಪಾಪ, ಮಳೆ ಅಡ್ಡ ಬಂತಂತಲ್ಲ" ಎಂದು ಇವಳ ಕೈ ಹಿಡಿದುಕೊಂಡರು. ಇವಳು "ಮಳೆ ಅಲ್ಲ, ನಾನೇ ಇಳಿದೆ" ಎಂದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಳೆಯ ತಲೆಗೆ ಕಟ್ಟಿದರೆ ಎಲ್ಲರಿಗೂ ಸುಲಭ. ನಾನು ಅಲ್ಲೇ ಇದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಾವು ಅಮೆರಿಕದ ಡಬ್ಲಿನ್ನಿನಲ್ಲಿದ್ದೆವು. ಗುಡ್ಡ ಕಡಿದು ಸಾಲುಸಾಲಾಗಿ ಹೊಸ ಮನೆ ಎಬ್ಬಿಸುತ್ತಿದ್ದ ಕಾಲ. ಮೊಮ್ಮಗಳಿಗೆ ಐದು ವರ್ಷ. ಅವಳನ್ನು ಡೇಕೇರಿನಿಂದ ನಡೆಸಿಕೊಂಡು ಬಂದು ಅನ್ನ ತಿನ್ನಿಸಲು ನಾನು ಮಂಡ್ಯದಿಂದ ಬಂದಿದ್ದೆ. ಮಗನ ಆಫೀಸು ಪಾಲೋ ಆಲ್ಟೋದಲ್ಲಿ, ಸೊಸೆಯದು ರೆಡ್‌ವುಡ್ ಸಿಟಿಯಲ್ಲಿ. ಶನಿವಾರ ಯಾರದಾದರೂ ಮನೆಯಲ್ಲಿ ಊಟ. ತಟ್ಟೆ ಹಿಡಿದವರ ಬಾಯಲ್ಲೆಲ್ಲ ಒಂದೇ ಮಾತು: ಯಾವ ಕಂಪನಿ ಏಳುತ್ತದೆ, ಯಾರ ಸ್ಟಾಕು ಹಾರಿತು. ನನ್ನ ಸೊಸೆ ಒಂದು ಗಂಟೆ ಕೂತು, ಪಾತ್ರೆ ತೊಳೆದುಕೊಟ್ಟು ವಾಪಸ್ಸು ಬಂದು, ಪಕ್ಕದ ಮನೆಯ ಗ್ಯಾರೇಜಿಗೆ ಹೋಗಿಬಿಡುವಳು.

ಪಕ್ಕದ ಮನೆಯಲ್ಲಿ ಒಬ್ಬ ಮುದುಕಪ್ಪ ಇದ್ದ, ಅಮೆರಿಕದವನೇ. ಆಯುಷ್ಯವೆಲ್ಲ ಫ್ಯಾಕ್ಟರಿಯಲ್ಲಿ ಲೇತ್ ಮೆಷಿನ್ನಿನ ಮುಂದೆ ನಿಂತವನು. ಹೆಂಡತಿ ಸತ್ತಿದ್ದಳು, ಮಗಳು ಬೇರೆ ರಾಜ್ಯದಲ್ಲಿದ್ದಳು. ಗ್ಯಾರೇಜಿನಲ್ಲಿ ಅವನೇ ಕಟ್ಟಿದ ಒಂದು ಮೋಟಾರ್ ಬೈಕು ಇತ್ತು. ಬೈಕು ಎಂದರೆ ನಮ್ಮ ಕಡೆ ಓಡಾಡುವಂಥದ್ದಲ್ಲ. ಉದ್ದಕ್ಕೆ ಬಾಳೆಮೀನಿನ ಹಾಗೆ, ಎತ್ತರ ನನ್ನ ಮೊಣಕಾಲಿಗಿಂತ ತುಸು ಮೇಲೆ. ಅದರ ಮೇಲೆ ಕೂರುವುದಿಲ್ಲ, ಬೋರಲು ಮಲಗುತ್ತಾರೆ. ಎಂಜಿನ್ನು ನೋಡಿದರೆ ಊರಿನ ಮೊಪೆಡ್ಡಿನದಕ್ಕಿಂತ ಒಂದು ಹಿಡಿ ದೊಡ್ಡದು. ಇದನ್ನು ತೆಗೆದುಕೊಂಡು ವರ್ಷಕ್ಕೊಮ್ಮೆ ಎರಡು ರಾಜ್ಯದ ಆಚೆ ಒಂದು ಉಪ್ಪಿನ ಬಯಲಿಗೆ ಹೋಗಿ, ಎಷ್ಟು ಜೋರಾಗಿ ಓಡುತ್ತದೆ ಎಂದು ನೋಡುವುದು ಅವನ ಹುಚ್ಚು.

ಸೊಸೆಗೆ ಇದು ಗಂಟು ಬಿದ್ದದ್ದು ಬೇಲಿಯ ಮೇಲಿಂದ. ಒಂದು ಭಾನುವಾರ ಅತ್ತ ಎಂಜಿನ್ನು ಕೆಮ್ಮುತ್ತಿತ್ತು. ಇವಳು ಬಟ್ಟೆ ಮಡಿಸುವುದನ್ನು ಬಿಟ್ಟು, ಕುರ್ಚಿ ಹಾಕಿಕೊಂಡು ಬೇಲಿಯ ಮೇಲೆ ಕತ್ತು ಹಾಕಿ ಇಂಗ್ಲಿಷಿನಲ್ಲಿ ಏನೋ ಕೂಗಿದಳು. ಮುದುಕಪ್ಪ ಎಂಜಿನ್ನು ನಿಲ್ಲಿಸಿ, ಏನೋ ತಿರುಗಿಸಿ, ಮತ್ತೆ ಶುರು ಮಾಡಿದ. ಕೆಮ್ಮು ಹೋಗಿತ್ತು. ಹಾಸನದ ಹತ್ತಿರ ಇವಳ ಅಪ್ಪ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟವರು. ಹೆಣ್ಣು ನೋಡಲು ಹೋದಾಗ ಕಾಫಿ ಲೋಟ ಕೊಟ್ಟ ಅವಳ ಉಗುರಿನ ಸಂದಿಯಲ್ಲಿ ಕಪ್ಪು ಗ್ರೀಸ್ ಕಂಡಿತ್ತು ನನಗೆ. ತೊಳೆದರೂ ಹೋಗದಷ್ಟು ಕೆಲಸ ಮಾಡಿದ ಕೈ ಎಂದುಕೊಂಡು ಒಪ್ಪಿದೆ.

ಎರಡು ವರ್ಷ ಇವಳು ಆ ಗ್ಯಾರೇಜಿನಲ್ಲಿ ಮೈ ಮುರಿದು ದುಡಿದಳು. ಆಮೇಲೆ ಮುದುಕಪ್ಪನ ಹೆಗಲು ಕೈಕೊಟ್ಟಿತು. ಬೋರಲು ಮಲಗಿದರೆ ಏಳಲಾರ. ಬೈಕು ಓಡಿಸಲು ಹಗುರ ಮೈಯವರು ಬೇಕು, ಎಂಜಿನ್ನಿನ ಮನಸ್ಸು ತಿಳಿದವರು ಬೇಕು. ಇವಳಿಗಿಂತ ಹಗುರ ಯಾರಿದ್ದರು? ಗಾಳಿ ಬಂದರೆ ಹಾರಿಹೋಗುತ್ತೀಯ, ಇನ್ನೊಂದು ಮುದ್ದೆ ತಿನ್ನು ಎಂದು ನಾನೇ ದಿನಾ ಬಯ್ಯುತ್ತಿದ್ದೆ.

ರೆಕಾರ್ಡು ಮುರಿಯುವುದೆಂದರೆ ಒಂದು ಸಲ ಓಡಿದರೆ ಸಾಲದು. ಹಳೆಯ ರೆಕಾರ್ಡಿಗಿಂತ ಜೋರಾಗಿ ಒಮ್ಮೆ ಓಡಬೇಕು. ಮಾರನೆಯ ದಿನ ಇನ್ನೊಮ್ಮೆ ಓಡಬೇಕು. ಎರಡನ್ನೂ ಸೇರಿಸಿ ಅರ್ಧ ಮಾಡಿ, ಅದು ಹೆಚ್ಚಿದ್ದರೆ ಮಾತ್ರ ಹೆಸರು ಬರೆಯುತ್ತಾರೆ. ಮುದುಕಪ್ಪ ಎಷ್ಟೋ ವರ್ಷದಿಂದ ಹೋಗುತ್ತಿದ್ದರೂ ಮೊದಲನೆಯದೇ ದಕ್ಕಿರಲಿಲ್ಲ. ಆ ಬೇಸಿಗೆ ಅವನ ಮನೆಯ ಮುಂದೆ ಮಾರಾಟದ ಬೋರ್ಡು ಬಿತ್ತು. ಇನ್ನು ಒಬ್ಬನೇ ಇರುವುದು ಬೇಡವೆಂದು ಮಗಳು ಕರೆದಿದ್ದಳು. ಅವಳಿದ್ದದ್ದು ಮೂರನೇ ಮಹಡಿಯ ಅಪಾರ್ಟ್‌ಮೆಂಟು, ಗ್ಯಾರೇಜಿಲ್ಲ. ಬೈಕಿಗೆ ಅದೇ ಕೊನೆಯ ವರ್ಷ, ಅವನಿಗೂ ಅದೇ ಕೊನೆಯ ವರ್ಷ.

ಹೊರಡುವ ಹಿಂದಿನ ದಿನ ಮಗ ನನ್ನ ಹತ್ತಿರ ಬಂದ.

"ಅಮ್ಮ, ನೀನೂ ಜೊತೇಲಿ ಹೋಗು. ಪಾಪು ನನ್ ಹತ್ರ ಇರ್ಲಿ."

"ನಾನ್ಯಾಕೋ?"

"ಇವಳೊಬ್ಬಳನ್ನೇ ಅಷ್ಟು ದೂರ ಹೆಂಗ್ ಕಳ್ಸೋದು? ನಾಲ್ಕು ಜನ ಏನಂತಾರೆ?"

"ಎಪ್ಪತ್ತು ದಾಟಿದ ಮುದುಕನ ಜೊತೆ ಹೋಗ್ತಾವ್ಳೆ ಕಣೋ. ಓಡೋಗ್ತಾಳೆ ಅಂತ ಭಯವಾ?"

ಒಳಗಿನಿಂದ ಸೊಸೆ ಕೂಗಿದಳು. "ಓಡೋಕೇ ಹೋಗ್ತಿರೋದು ಅತ್ತೆ! ನೀವು ಬನ್ನಿ, ಪುಳಿಯೋಗರೆ ಗೊಜ್ಜು ತಗೊಳ್ಳಿ."

ಹೀಗೆ ನಾನು ಕಾವಲಿಗೆ ಹೋದೆ.

ಮುದುಕಪ್ಪನ ವ್ಯಾನು, ಹಿಂದೆ ಟ್ರೇಲರಿನಲ್ಲಿ ಬೈಕು. ಬೆಟ್ಟ ಹತ್ತಿ ಇಳಿದು, ಒಂದು ಮರವೂ ಇಲ್ಲದ ರಾಜ್ಯ ದಾಟಿ, ಇಡೀ ಹಗಲು ಹೋದ ಮೇಲೆ ಆ ಬಯಲು ಬಂತು. ಕಣ್ಣು ಹೋದಷ್ಟು ದೂರ ಬಿಳುಪು. ಮೊದಲು ಸುಣ್ಣ ಎಂದುಕೊಂಡೆ.

"ಉಪ್ಪು ಅತ್ತೆ. ಪೂರ್ತಿ ಉಪ್ಪು. ಇಳೀರಿ."

"ಇಳಿಯಲ್ಲ" ಎಂದೆ.

ಉಪ್ಪು ತುಳಿಯಬಾರದು. ಕೈಜಾರಿ ಒಂದು ಹರಳು ಚೆಲ್ಲಿದರೂ ಸತ್ತ ಮೇಲೆ ಕಣ್ಣಿನ ರೆಪ್ಪೆಯಲ್ಲಿ ಆಯಬೇಕು ಎಂದು ನನ್ನ ಅವ್ವ ಬಯ್ದು ಬೆಳೆಸಿದ್ದಳು. ಇಷ್ಟು ಉಪ್ಪನ್ನು ಆಯಲು ಯಾರ ರೆಪ್ಪೆ ಸಾಕು? ಸೊಸೆ ನಕ್ಕಳು, ಬಲವಂತ ಮಾಡಲಿಲ್ಲ. ಮುದುಕಪ್ಪನಿಗೆ ಏನೋ ಹೇಳಿದಳು. ಅವನು ನಗದೆ ಒಂದು ನೀಲಿ ತಾಡಪಾಲನ್ನು ತಂದು ವ್ಯಾನಿನ ಬಾಗಿಲಿಗೆ ಹಾಸಿ, ಅದರ ಮೇಲೆ ಕುರ್ಚಿ ಇಟ್ಟ. ಆಮೇಲೆ ಕಂಡೆ, ಅಲ್ಲಿ ಎಲ್ಲರೂ ತಮ್ಮ ಗಾಡಿಯ ಕೆಳಗೆ ತಾಡಪಾಲು ಹಾಸಿದ್ದರು. ಉಪ್ಪಿನ ಮೇಲೆ ಎಣ್ಣೆಯ ಒಂದು ತೊಟ್ಟೂ ಬೀಳಬಾರದಂತೆ, ಅದು ಅಲ್ಲಿನ ಕಟ್ಟಳೆ. ಉಪ್ಪಿಗೆ ಮರ್ಯಾದೆ ಕೊಡುವ ಜನ ಎಂದು ಅವರ ಮೇಲೆ ಗೌರವ ಬಂತು. ನಾನು ತಾಡಪಾಲಿನಿಂದ ಕಾಲು ಕೆಳಗಿಡಲಿಲ್ಲ. ಕಕ್ಕಸಿಗೆ ಹೋಗಬೇಕೆಂದರೆ ಸೊಸೆ ವ್ಯಾನಿನಲ್ಲೇ ಕರೆದುಕೊಂಡು ಹೋಗಿ ಬಾಗಿಲಿಗೆ ನಿಲ್ಲಿಸುತ್ತಿದ್ದಳು.

ಮೊದಲ ದಿನದ ಓಟ ನೋಡಿದೆ. ಚರ್ಮದ ಅಂಗಿ ಷರಾಯಿ ತೊಟ್ಟು, ಜಡೆಯನ್ನು ಒಳಗೆ ತುರುಕಿ, ಹೆಲ್ಮೆಟ್ಟು ಹಾಕಿ ಆ ಮೀನಿನ ಬೆನ್ನ ಮೇಲೆ ಬೋರಲು ಬಿದ್ದಳು. ಕೈ ಮುಂದೆ, ಕಾಲು ಹಿಂದೆ, ಗಲ್ಲ ಪೆಟ್ರೋಲು ಟ್ಯಾಂಕಿಗೆ ತಾಗಿದೆ. ಮುದುಕಪ್ಪ ಹಿಂದಿನಿಂದ ದೂಡಿದ. ದುಂಬಿ ಗುಂಯ್ಗುಟ್ಟಿದ ಹಾಗೆ ಸದ್ದು, ಆಮೇಲೆ ಅದೂ ಇಲ್ಲ. ಬಿಳಿಯ ಮೇಲೆ ಒಂದು ಕಪ್ಪು ಎಳ್ಳು ಹೋಗುತ್ತಾ ಹೋಗುತ್ತಾ ಇಲ್ಲವಾಯಿತು. ರೇಡಿಯೋದಲ್ಲಿ ಏನೋ ಹೇಳಿದರು. ಮುದುಕಪ್ಪ ಟೋಪಿ ತೆಗೆದು, ಒಳಗೆ ನೋಡಿ, ಮತ್ತೆ ಹಾಕಿಕೊಂಡ. ಹಳೆಯ ರೆಕಾರ್ಡಿಗಿಂತ ಹೆಚ್ಚು ಬಂದಿತ್ತು.

ಅವಳು ವಾಪಸ್ಸು ಬಂದಾಗ ಎಷ್ಟು ಸ್ಪೀಡು ಎಂದು ಕೇಳಿದೆ. ಹೇಳಿದಳು.

"ಅಷ್ಟೇಯಾ? ಫ್ರೀವೇಲಿ ನಿನ್ ಗಂಡನೂ ಸುಮಾರು ಅಷ್ಟೇ ಹೋಯ್ತಾನಲ್ಲೇ!"

"ಅವರ ಕಾರಿನ ಎಂಜಿನ್ ಎಷ್ಟು ದೊಡ್ಡದು, ಇದೆಷ್ಟಿದೆ ನೋಡಿ. ಇದರಲ್ಲಿ ನಿಮ್ಮ ಚಟ್ನಿ ರುಬ್ಬಬಹುದು ಅಷ್ಟೇ." ಮುಖವೆಲ್ಲ ಉಪ್ಪು, ಹಲ್ಲೆಲ್ಲ ಕಾಣುವಂತೆ ನಗು. ಅಂಥ ನಗು ಮದುವೆಯ ಫೋಟೋದಲ್ಲೂ ಇಲ್ಲ.

ಆ ರಾತ್ರಿ ಬೈಕನ್ನು ಓಟ ನಡೆಸುವವರೇ ಕಾವಲಿನಲ್ಲಿ ಇಟ್ಟುಕೊಂಡರು, ಯಾರೂ ಕಳ್ಳಾಟ ಆಡಬಾರದೆಂದು.

ಮಾರನೆಯ ದಿನ ಬೆಳಗಾಗುವಾಗಲೇ ಗಾಳಿ. ಪಡುವಲ ಬೆಟ್ಟದ ಮೇಲೆ ಮೋಡ ಕಟ್ಟಿತ್ತು. ಇವಳು ಸಾಲಿನಲ್ಲಿ ನಿಂತಿದ್ದಳು, ಮುಂದೆ ನಾಲ್ಕೇ ಗಾಡಿ. ದಪದಪ ಹನಿ ಬಿತ್ತು. ಜನ ತಾಡಪಾಲು ಕಿತ್ತು ಗಾಡಿಗಳಿಗೆ ಹೊದಿಸಿದರು. ಮುದುಕಪ್ಪ ತನ್ನ ಕೋಟನ್ನು ಬೈಕಿಗೆ ಹೊದಿಸಿ ತಾನು ನೆನೆದ. ಆಮೇಲೆ ಮೂವರೂ ವ್ಯಾನಿನಲ್ಲಿ ಕೂತೆವು. ಮಳೆ ಎಂದರೆ ಮಳೆ. ಅಲ್ಲಿ ನೀರು ಹರಿದುಹೋಗಲು ಇಳಿಜಾರಿಲ್ಲ, ನಿಂತಲ್ಲೇ ನಿಲ್ಲುತ್ತದೆ. ಅರ್ಧ ಗಂಟೆಯಲ್ಲಿ ಬಯಲೆಲ್ಲ ಒಂದು ತೆಳು ಕೆರೆ, ಅದರಲ್ಲಿ ಬೆಟ್ಟ ತಲೆಕೆಳಗು.

ನಾನು ಡಬ್ಬಿ ತೆಗೆದು ಪುಳಿಯೋಗರೆ ಬಡಿಸಿದೆ. ಮುದುಕಪ್ಪ ತಿಂದ, ಬೆವರಿದ, ತಟ್ಟೆ ಮತ್ತೆ ಚಾಚಿದ.

"ಏನಂತಾನೆ?" ಎಂದೆ.

"ಏನೂ ಅಂತಿಲ್ಲ. ಇನ್ನೊಂಚೂರು ಹಾಕಿ."

ಮಧ್ಯಾಹ್ನಕ್ಕೆ ಮಳೆ ನಿಂತಿತು. ಬಿಸಿಲು ಬಂತು. ಗಾಳಿ ನೀರನ್ನು ಒಂದು ಕಡೆಗೆ ದೂಡಿಕೊಂಡು ಹೋಯಿತು, ಹಪ್ಪಳದ ಹಿಟ್ಟನ್ನು ಕೈಯಲ್ಲಿ ಸವರಿದ ಹಾಗೆ. ಸ್ಟಾರ್ಟು ಕೊಡುವ ಅಧಿಕಾರಿ ಟ್ರಕ್ಕಿನಲ್ಲಿ ದಾರಿಯುದ್ದಕ್ಕೂ ಹೋಗಿ ಬಂದ. ಬೆಟ್ಟದ ಹಿಂದೆ ಇನ್ನೊಂದು ಮಳೆ ಕಾದಿದೆ, ಅದು ಬಂದರೆ ಈ ವರ್ಷದ ಓಟ ಮುಗಿದ ಹಾಗೆ ಎಂದ. ಎರಡನೇ ಓಟ ಬಾಕಿ ಇರುವವರು ಈಗ ಹೋಗಬಹುದು, ಹೋಗುವುದು ಬಿಡುವುದು ಅವರವರ ಇಷ್ಟ ಎಂದನೆಂದು ಸೊಸೆ ತಿಳಿಸಿದಳು.

ಆಗ ನಾನು ಇಳಿದೆ. ಚಪ್ಪಲಿ ಬಿಟ್ಟು, ಬರಿಗಾಲಲ್ಲಿ. ಅವ್ವನಿಗೆ ಮನಸ್ಸಿನಲ್ಲೇ ತಪ್ಪಾಯಿತು ಅಂದೆ. ಯಾಕೆ ಇಳಿದೆ ಎಂದರೆ, ನೆಲ ನೋಡುವುದು ನನಗೆ ಗೊತ್ತು. ಸುಗ್ಗಿಗೆ ಮುಂಚೆ ಕಣ ಮಾಡಿದವಳು ನಾನು. ನೆಲ ಕೆರೆದು, ನೀರು ಹಾಕಿ ತುಳಿದು, ಗುಂಡು ಉರುಳಿಸಿ, ಸಗಣಿ ಬಳಿದು, ಒಣಗಿದ ಮೇಲೆ ಹಿಮ್ಮಡಿ ಒತ್ತಿ ನೋಡುತ್ತೇವೆ. ಗುರುತು ಬೀಳದಿದ್ದರೆ ಕಣ ಕಟ್ಟಿದೆ, ತೆನೆ ಹಾಕಬಹುದು. ಸಾಲಿನ ಪಕ್ಕದಲ್ಲಿ ಹಿಮ್ಮಡಿ ಊರಿ ಮೈಭಾರ ಬಿಟ್ಟೆ. ಗುರುತು ಬೀಳಲಿಲ್ಲ. ಇನ್ನೂ ನಾಲ್ಕು ಕಡೆ ನೋಡಿದೆ. ಕಲ್ಲು.

"ಕಟ್ಟದೆ ಕಣಮ್ಮ. ಹೋಗು" ಎಂದೆ.

ಸೊಸೆ ನನ್ನ ಕಾಲನ್ನು ನೋಡಿದಳು. ಮುದುಕಪ್ಪನ ಡಬ್ಬಿಯಿಂದ ಒಂದು ಉದ್ದನೆಯ ಸ್ಕ್ರೂಡ್ರೈವರು ತೆಗೆದುಕೊಂಡು ಅಧಿಕಾರಿಯ ಹತ್ತಿರ ಹೋಗಿ ಏನೋ ಕೇಳಿದಳು. ಅವನು ಹೆಗಲು ಕುಣಿಸಿ ಟ್ರಕ್ಕಿಗೆ ಹತ್ತಿಸಿಕೊಂಡು ಹೋದ. ವಾಪಸ್ಸು ಬಂದಾಗ ಸ್ಕ್ರೂಡ್ರೈವರು ಹಿಡಿಯವರೆಗೂ ಒದ್ದೆ, ಮೇಲೆಲ್ಲ ಬಿಳಿ ರಾಡಿ.

"ಇಲ್ಲಿ ಕಟ್ಟಿದೆ ಅತ್ತೆ. ನಡೂಮಧ್ಯ ಒಂದು ತಗ್ಗಿದೆ. ಮೇಲೆ ಕೆನೆ, ಕೆಳಗೆ ಗಂಜಿ."

"ಆ ಆಫೀಸರು ಹೋಗಬಹುದು ಅಂದನಲ್ಲ?"

"ಹೋಗಬಹುದು ಅಂದ್ರು. ಹೋಗಿ ಅನ್ನಲಿಲ್ಲ."

ನಾನು ನೋಡಿದ್ದು ನಿಂತ ಜಾಗ. ಅವಳು ನೋಡಿದ್ದು ಹೋಗುವ ಜಾಗ. ಆದರೆ ಆಗ ನನಗೆ ಅದು ಹೊಳೆಯಲಿಲ್ಲ. ನಾನು ಕೈ ತಿರುವಿದೆ. "ನೀನು ಬೇಕಾದ್ರೆ ಸೂಜಿ ಚುಚ್ಚಿ ನೋಡು. ನಾನು ನಲವತ್ತು ವರ್ಷ ಕಣ ಕಟ್ಟಿದೀನಿ" ಎಂದೆ. ಮುದುಕಪ್ಪ ಅವಳು ಹೇಳಿದ್ದನ್ನು ಕೇಳಿಕೊಂಡ. ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಬೈಕಿನ ಮುಂದಿನ ಚಕ್ರವನ್ನು ಬಟ್ಟೆಯಲ್ಲಿ ಒರೆಸುತ್ತಾ ನಿಂತ. ಒರೆಸಿದ್ದನ್ನೇ ಒರೆಸುತ್ತಿದ್ದ.

ಇವಳ ಮುಂದೆ ಗಡ್ಡದವನೊಬ್ಬ ದೊಡ್ಡ ಬೈಕಿನಲ್ಲಿದ್ದ. ಹೋದ. ರೇಡಿಯೋ ಕೂಗಿತು, ಜನ ಚಪ್ಪಾಳೆ ತಟ್ಟಿದರು. ಅವನಿಗೆ ರೆಕಾರ್ಡು ಆಯಿತು.

"ನೋಡ್ದಾ?" ಎಂದೆ.

ಇವಳ ಸರದಿ. ಹೆಲ್ಮೆಟ್ಟು ಹಾಕಿದಳು, ಬೋರಲು ಮಲಗಿದಳು. ಎಂಜಿನ್ನು ಶುರುವಾಯಿತು. ಕೆಮ್ಮಿಲ್ಲ, ಏನಿಲ್ಲ, ರಾಗವಾಗಿ ಓಡುತ್ತಿದೆ. ಅಧಿಕಾರಿ ಬಗ್ಗಿ ದಾರಿ ತೋರಿಸಿದ. ಹಿಂದೆ ಸಾಲು, ಪಕ್ಕದಲ್ಲಿ ಜನ, ಒಬ್ಬ ಕ್ಯಾಮೆರಾ ಹಿಡಿದಿದ್ದ. ಬೆಟ್ಟದ ಮೇಲೆ ಮೋಡ ಇಳಿಯುತ್ತಿತ್ತು. ಒಂದು ನಿಮಿಷವೂ ಇರಲಿಕ್ಕಿಲ್ಲ, ನನಗೆ ಬಹಳ ಹೊತ್ತಾದ ಹಾಗಾಯಿತು. ಅವಳು ಎಡಗೈ ಎತ್ತಿದಳು. ಎಂಜಿನ್ನು ನಿಲ್ಲಿಸಿದಳು. ಎದ್ದು ನಿಂತಳು.

ಇಂಗ್ಲಿಷಿನಲ್ಲಿ ಒಂದೇ ಒಂದು ಮಾತು ಹೇಳಿದಳು. ಅಷ್ಟು ಇಂಗ್ಲಿಷು ನನಗೂ ಬರುತ್ತದೆ. "ನೋ."

ಸಾಲಿನಲ್ಲಿ ಹಿಂದಿದ್ದವನು ಏನೋ ಗೊಣಗಿದ. ಕ್ಯಾಮೆರಾದವನು ಕೈ ಇಳಿಸಿದ. ನನಗೆ ನಾಚಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಇಷ್ಟು ದೂರ ಬಂದು, ಆ ಮುದುಕನ ಇಷ್ಟು ವರ್ಷದ ಕೆಲಸ, ಕೊನೆಯ ಸಲ, ಕೈಗೆ ಬಂದದ್ದು. ಅವಳು ಮುದುಕಪ್ಪನ ಮುಖವನ್ನೇ ನೋಡುತ್ತಿದ್ದಳು. ಅವನು ಹತ್ತಿರ ಬಂದು ಅವಳ ಗಲ್ಲದ ಕೆಳಗಿನ ಪಟ್ಟಿ ಬಿಚ್ಚಿ, ಹೆಲ್ಮೆಟ್ಟು ತೆಗೆದು, ನೀರಿನ ಬಾಟಲಿ ಕೊಟ್ಟ. "ಓಕೆ" ಎಂದ. ಅಷ್ಟೇ. ಬೈಕನ್ನು ಸಾಲಿನಿಂದ ಹೊರಗೆ ತಿರುಗಿಸಿ, ತಾನೇ ದೂಡಿಕೊಂಡು ಟ್ರೇಲರಿನ ಕಡೆಗೆ ನಡೆದ. ಆ ಹೆಗಲಲ್ಲಿ ದೂಡುವುದು ಎಷ್ಟು ನೋವೆಂದು ನನಗೆ ಗೊತ್ತು. ಅವಳು ಹಿಂದಿನಿಂದ ಹೋಗಿ ಇನ್ನೊಂದು ಕಡೆ ಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ.

ಟ್ರೇಲರಿಗೆ ಹಗ್ಗ ಬಿಗಿಯುವಾಗ ಎರಡನೇ ಮಳೆ ಬಂತು. ಆ ವರ್ಷದ ಓಟ ಅಲ್ಲಿಗೆ ಮುಗಿಯಿತು. ಅದಕ್ಕೇ ಮಳೆಯ ಕಥೆ ಹುಟ್ಟಿದ್ದು.

ದಾರಿಯಲ್ಲಿ ನಾನು ತಡೆಯಲಾರದೆ ಕೇಳಿದೆ. "ಆ ಗಡ್ಡದವ್ನು ಹೋಗಿ ಬರ್ಲಿಲ್ವೇನೇ?"

"ಬಂದ ಅತ್ತೆ. ಅವನು ಬಂದಿದ್ದಕ್ಕೇ ನಾನು ಹೋಗ್ಲಿಲ್ಲ. ಅವನ ಚಕ್ರ ಆ ತಗ್ಗಲ್ಲಿ ಗಾಡಿಜಾಡು ಥರ ಗೆರೆ ಕೊರೆದಿರುತ್ತೆ. ನನ್ನ ಚಕ್ರ ಇಷ್ಟೇ ಇಷ್ಟು. ಅದರೊಳಗೆ ಬಿದ್ರೆ ತಿರುಗಿಸೋಕೂ ಆಗಲ್ಲ, ಎತ್ತೋಕೂ ಆಗಲ್ಲ."

"ಇರುತ್ತೆ ಅಂತೀಯ. ಕಂಡ್ಯಾ?"

"ಕಾಣ್ಲಿಲ್ಲ. ಇಲ್ದೇನೂ ಇರಬಹುದು."

"ಹಂಗಾದ್ರೆ ಭಯ ಬಿದ್ದೆ ಅನ್ನು."

"ಭಯ ನಿನ್ನೇನೂ ಇತ್ತು ಅತ್ತೆ. ನಿನ್ನೆ ನೆಲ ಗೊತ್ತಿತ್ತು. ಇವತ್ತು ಗೊತ್ತಿರಲಿಲ್ಲ."

ಮುದುಕಪ್ಪ ಗಾಡಿ ಓಡಿಸುತ್ತಿದ್ದ. ಒಂದು ಮಾತೂ ತಿಳಿಯದಿದ್ದರೂ ಯಾವ ವಿಷಯವೆಂದು ಅವನಿಗೆ ತಿಳಿದಿತ್ತು. ನಾನು ಕಿಟಕಿಯ ಕಡೆ ತಿರುಗಿದೆ.

ಹೊರಗೆ ನೋಡುತ್ತಾ ಕೂತಾಗ ಒಂದು ನೆನಪು ಬಂತು. ನನ್ನ ಮದುವೆಯಾಗಿ ಮೂರು ವರ್ಷಕ್ಕೆ, ನಾದಿನಿಯ ನಿಶ್ಚಯಕ್ಕೆ ಕಾವೇರಿಯ ಆಚೆ ಹೋಗಬೇಕಿತ್ತು. ಹೊಳೆ ತುಂಬಿ ಕೆಂಪಾಗಿ ಹೋಗುತ್ತಿತ್ತು. ಹರಿಗೋಲಿನವನ ಬಿದಿರ ಗಳ ತಳ ಮುಟ್ಟುತ್ತಿಲ್ಲ ಎಂಬುದನ್ನು ನಾನು ಕಂಡೆ. ನನ್ನ ಕಂಕುಳಲ್ಲಿ ಮಗು, ಇದೇ ನನ್ನ ಮಗ. ಮಾವನವರು ಆಗಲೇ ಹತ್ತಿ ಕೂತಿದ್ದರು, ಬೀಗರು ಆಚೆ ದಡದಲ್ಲಿ ಕಾಯುತ್ತಿದ್ದರು, ನನ್ನ ಗಂಡ "ಹತ್ತು" ಎಂದರು. ಹತ್ತಿದೆ. ಬೇಡ ಎಂಬ ಎರಡಕ್ಷರ ಬಾಯಿಗೆ ಬರಲಿಲ್ಲ. ಎಲ್ಲರೂ ನೋಡುತ್ತಿದ್ದರಲ್ಲ. ಬದುಕಿ ಆಚೆ ಸೇರಿದೆವು, ಅದು ಬೇರೆ ಮಾತು. ಅಷ್ಟು ಜನರ ಮುಂದೆ ಕೈ ಎತ್ತಿ ಇಳಿಯುವುದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ. ಎಂದೂ ಆಗಿಲ್ಲ. ಮೊದಲ ದಿನ ಅವಳು ಎಳ್ಳಿನಷ್ಟಾಗಿ ಮಾಯವಾದಾಗ ನಾನು ಬೆರಗಾಗಿದ್ದೆ. ಆದರೆ ಈ ಹುಡುಗಿ ದೊಡ್ಡವಳು ಎಂದು ಗೊತ್ತಾದದ್ದು ಆ ಎರಡನೇ ದಿನ, ಅವಳು ನಿಂತ ಜಾಗದಿಂದ ಒಂದು ಅಡಿಯೂ ಮುಂದೆ ಹೋಗದಿದ್ದಾಗ.

ಅವಳಿಗೆ ಇದನ್ನು ಹೇಳಲಿಲ್ಲ. ಸೊಸೆಗೆ ಹೊಗಳಿಕೆ ಹೇಳುವ ಅಭ್ಯಾಸ ನನಗಿಲ್ಲ. ಮಗನ ಫೋನು ಬಂದಾಗ, "ಮಳೆ ಬಂತಂತೆ ಅಲ್ವಾ ಅಮ್ಮ?" ಎಂದ. "ಬಂತು" ಎಂದೆ. ಅದನ್ನೇ ಅವನು ಊರಿಗೆಲ್ಲ ಹಂಚಿದ. ಆ ಮಟ್ಟಿಗೆ ಈ ಸುಳ್ಳಿನಲ್ಲಿ ನನ್ನದೂ ಒಂದು ಪಾಲಿದೆ.

ಡಬ್ಲಿನ್ ಸೇರಿದಾಗ ಹೊತ್ತು ಮೀರಿತ್ತು. ಬೇರೆ ವರ್ಷಗಳಲ್ಲಿ ಮುದುಕಪ್ಪ ಎಷ್ಟು ಹೊತ್ತಾದರೂ ಬೈಕು ಇಳಿಸಿ ತೊಳೆದೇ ಮಲಗುತ್ತಿದ್ದನಂತೆ. ಈ ಸಲ ಟ್ರೇಲರಿನ ಬಾಗಿಲನ್ನೂ ತೆಗೆಯದೆ ಒಳಗೆ ಹೋದ. ಸೊಸೆ ನೋಡುತ್ತಾ ನಿಂತಳು. ಬೆಳಿಗ್ಗೆ ಏಳಕ್ಕೆ ಅವಳಿಗೆ ಆಫೀಸಿನಲ್ಲಿ ಮೀಟಿಂಗಿತ್ತು.

ಮರುದಿನ ಅವಳು ಕಾರು ತೆಗೆದುಕೊಂಡು ಹೋದ ಮೇಲೆ ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಟ್ರೇಲರು ಹಾಗೇ ನಿಂತಿತ್ತು, ಮಾರಾಟದ ಬೋರ್ಡಿನ ಪಕ್ಕದಲ್ಲಿ. ಉಪ್ಪು ಕಬ್ಬಿಣವನ್ನು ಹೇಗೆ ತಿನ್ನುತ್ತದೆ ಎಂದು ಉಪ್ಪಿನಕಾಯಿ ಹಾಕುವವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಕೆಟ್ಟಿಗೆ ಬಿಸಿನೀರು ತುಂಬಿ, ಹಳೆಯ ಹಲ್ಲುಜ್ಜುವ ಬ್ರಷ್ಷು ಎರಡು ತೆಗೆದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೋದೆ. ಬಾಗಿಲು ತಟ್ಟಿದೆ. ಮುದುಕಪ್ಪ ಬನಿಯನ್ನಿನಲ್ಲೇ ಬಂದ. ಬಕೆಟ್ಟು ನೋಡಿದ, ನನ್ನನ್ನು ನೋಡಿದ. ನಾನು ಟ್ರೇಲರಿನ ಕಡೆ ಕೈ ತೋರಿಸಿ, "ತೆಗಿಯಪ್ಪ, ತುಕ್ಕು ಹಿಡಿಯುತ್ತೆ" ಎಂದೆ. ತೆಗೆದ. ಇಬ್ಬರೂ ಸೇರಿ ಬೈಕನ್ನು ಇಳಿಸಿದೆವು. ಅವನು ನೀರಿನ ಪೈಪು ಎಳೆದು ತಂದ. ನಾನು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಮುಂದಿನ ಚಕ್ರದಿಂದ ಉಜ್ಜಲು ಶುರು ಮಾಡಿದೆ.